ಮೂವತ್ತು ಜನರ ಹೊಣೆ

ಸೈನ್ಯದಲ್ಲಿ, ಅದರಲ್ಲೂ ಪದಾತಿ ದಳದಲ್ಲಿ ಅಧಿಕಾರಿಯಾಗಬೇಕೆಂದು ಆಸೆಪಡುವ ಹುಡುಗರು ನಮ್ಮ ನಾಡಿನ ಪಿಯು ಕಾಲೇಜುಗಳಲ್ಲಿ ಎಲ್ಲ ಕಡೆಯೂ ಇದ್ದಾರೆ. ಅವರ ಕಣ್ಣ ಮುಂದೆ ಇರುವುದು ಹಿಮದ ಬೆಟ್ಟ, ಕೈಯಲ್ಲಿ ರೈಫಲ್ಲು, ಶಿಖರದ ಮೇಲೆ ನೆಟ್ಟ ಬಾವುಟ. ಅವರ ತಂದೆತಾಯಿಯರ ಕಣ್ಣ ಮುಂದೆ ಬರುವುದು ಬಾವುಟ ಹೊದಿಸಿದ ಪೆಟ್ಟಿಗೆ, ಊರ ಹೆಬ್ಬಾಗಿಲಲ್ಲಿ ಮೌನವಾಗಿ ನಿಂತ ಜನ. ಎರಡೂ ಸುಳ್ಳಲ್ಲ. ಆದರೆ ಎರಡೂ ಆ ವೃತ್ತಿಯ ಅಂಚಿನಲ್ಲಿರುವ ಸಂಗತಿಗಳು. ಅವೆರಡರ ನಡುವೆ ದಿನ ಬೆಳಗಾದರೆ ಶುರುವಾಗಿ, ಹತ್ತಾರು ವರ್ಷ ಬಿಡದೆ ನಡೆಯುವ ಒಂದು ಕೆಲಸವಿದೆ. ಅದರ ಬಗ್ಗೆ ನಮ್ಮಲ್ಲಿ ಮಾತು ತೀರಾ ಕಡಿಮೆ. ಇಂದು ನಾನು ನಿಮ್ಮ ಮುಂದಿಡುವ ವಾದ ಇಷ್ಟೇ: ಪದಾತಿ ಅಧಿಕಾರಿಯ ಕೆಲಸ ಬೇರೆ ಏನೇ ಆಗುವ ಮೊದಲು ಇತರರ ಹೊಣೆ ಹೊರುವ ಕೆಲಸ. ಈ ವೃತ್ತಿಗೆ ಹೋಗಬೇಕೋ ಬೇಡವೋ ಎಂದು ತೂಗುವ ಹುಡುಗ ‘ನನಗೆ ಸಾವಿಗೆ ಅಂಜಿಕೆ ಇದೆಯೇ’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಮೂವತ್ತು ಜನರ ಊಟ, ನಿದ್ದೆ, ಮರ್ಯಾದೆ, ಪ್ರಾಣ ನನ್ನ ತೀರ್ಮಾನದ ಮೇಲೆ ನಿಂತಾಗ ಅದನ್ನು ಹೊರಲು ನನಗೆ ಮನಸ್ಸಿದೆಯೇ’ ಎಂದು ಕೇಳಿಕೊಂಡರೆ ದಾರಿ ತಾನಾಗಿ ಕಾಣುತ್ತದೆ.

ಮೊದಲು ಆ ಕೆಲಸದ ರಚನೆಯನ್ನು ನೋಡೋಣ. ನಮ್ಮ ಸೈನ್ಯದ ಪದಾತಿ ಬೆಟಾಲಿಯನ್ ಎಂದರೆ ಸುಮಾರು 800 ಜನ. ಜವಾನರು ಅದನ್ನು ಪ್ರೀತಿಯಿಂದ ಪಲ್ಟನ್ ಎನ್ನುತ್ತಾರೆ. ಅದರಲ್ಲಿ ನಾಲ್ಕು ರೈಫಲ್ ಕಂಪನಿಗಳು, ಒಂದೊಂದು ಕಂಪನಿಯಲ್ಲಿ ಮೂರು ಪ್ಲಟೂನುಗಳು, ಒಂದೊಂದು ಪ್ಲಟೂನಿನಲ್ಲಿ ಹತ್ತು ಹತ್ತು ಜನರ ಮೂರು ಸೆಕ್ಷನ್ನುಗಳು. ಡೆಹ್ರಾಡೂನಿನಲ್ಲೋ ಚೆನ್ನೈಯಲ್ಲೋ ತರಬೇತಿ ಮುಗಿಸಿ, ಹೆಗಲ ಮೇಲೆ ಎರಡು ನಕ್ಷತ್ರ ಹೊತ್ತು ಬರುವ ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟಿನ ಕೈಗೆ ಮೊದಲು ಸಿಗುವುದು ಇಂಥದೊಂದು ಪ್ಲಟೂನು. ಆ ಮೂವತ್ತು ಚಿಲ್ಲರೆ ಜನರಲ್ಲಿ ಹೆಚ್ಚಿನವರು ಅವನಿಗಿಂತ ವಯಸ್ಸಿನಲ್ಲಿ ಹಿರಿಯರು. ಹವಾಲ್ದಾರನಿಗೆ ಹದಿನೈದು ವರ್ಷದ ಸೇವೆ ಆಗಿರುತ್ತದೆ. ಪಕ್ಕದಲ್ಲೇ ಇರುವ ಸುಬೇದಾರರು ಅವನ ಚಿಕ್ಕಪ್ಪನ ವಯಸ್ಸಿನವರು. ಅವರನ್ನು ಆತ ‘ಸಾಬ್’ ಎಂದೇ ಕರೆಯುತ್ತಾನೆ, ಅವರೂ ಅವನನ್ನು ‘ಸಾಬ್’ ಎನ್ನುತ್ತಾರೆ. ರೈಫಲ್ ಹಿಡಿಯುವುದು, ಬೆಟ್ಟ ಹತ್ತುವುದು, ಕತ್ತಲಲ್ಲಿ ದಾರಿ ಹುಡುಕುವುದು ಅವರೆಲ್ಲರಿಗೂ ಇವನಿಗಿಂತ ಚೆನ್ನಾಗಿ ಗೊತ್ತು. ಹಾಗಾದರೆ ಈ ಎಳೆಯನಿಂದ ಪಲ್ಟನ್ನಿಗೆ ಸಿಗುವುದೇನು? ಇದು ನ್ಯಾಯವಾದ ಪ್ರಶ್ನೆ, ಯಾವ ಹೊಸ ಅಧಿಕಾರಿಯೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಅವನಿಂದ ಸಿಗಬೇಕಾದದ್ದು ತೀರ್ಮಾನ, ಮತ್ತು ಆ ತೀರ್ಮಾನಕ್ಕೆ ತಲೆಕೊಡುವ ಜವಾಬ್ದಾರಿ. ಗಸ್ತು ಎಡದ ಹಳ್ಳದಿಂದ ಹೋಗಬೇಕೋ ಬಲದ ದಿಣ್ಣೆಯಿಂದ ಹೋಗಬೇಕೋ ಎಂದು ಸುಬೇದಾರರು ಸಲಹೆ ಹೇಳಬಹುದು. ಆದರೆ ಹೋದ ದಾರಿಯಲ್ಲಿ ಒಬ್ಬ ಜವಾನ ನೆಲಬಾಂಬಿನ ಮೇಲೆ ಕಾಲಿಟ್ಟರೆ ಅವನ ಮನೆಗೆ ಕಾಗದ ಬರೆಯಬೇಕಾದವನು ಲೆಫ್ಟಿನೆಂಟ್.

ಯುದ್ಧವಿಲ್ಲದ ದಿನಗಳಲ್ಲಿ ಈ ಹೊಣೆ ಇನ್ನೂ ಸಣ್ಣ ಸಣ್ಣ ರೂಪಗಳಲ್ಲಿ ಬರುತ್ತದೆ; ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಜವಾನರ ಅಡುಗೆಮನೆಯಾದ ಲಂಗರಿನಲ್ಲಿ ಊಟದ ರುಚಿ ನೋಡಬೇಕು. ಎತ್ತರದ ಠಾಣೆಯಲ್ಲಿ ಜವಾನರ ಪಾದ, ಬೆರಳು ತಾನೇ ನೋಡಿ, ಹಿಮಗಡಿತದ ಗುರುತು ಇದೆಯೇ ಎಂದು ಪರೀಕ್ಷಿಸಬೇಕು. ಯಾರ ರಜೆ ಎಷ್ಟು ಬಾಕಿ, ಯಾರ ಹೆಂಡತಿಗೆ ಹೆರಿಗೆ ಹತ್ತಿರ, ಯಾರ ಜಮೀನಿನ ಬದು ದಾಯಾದಿ ಒತ್ತಿದ್ದಾನೆ, ಯಾರು ಸಾಲಕ್ಕೆ ಸಿಕ್ಕಿದ್ದಾರೆ ಎಂಬುದು ತಲೆಯಲ್ಲಿರಬೇಕು. ಜವಾನನ ಊರಿನ ಜಿಲ್ಲಾಧಿಕಾರಿಗೆ ಪತ್ರ ಬರೆಯುವುದು, ಮಗುವಿಗೆ ಶಾಲೆಯಲ್ಲಿ ಸೀಟು ಕೇಳುವುದು, ಎರಡು ದಿನದಿಂದ ಮಾತು ಬಿಟ್ಟಿರುವ ಸಿಪಾಯಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುವುದು, ಇವೆಲ್ಲ ಕೆಲಸದ ಒಳಗೇ ಬರುತ್ತವೆ. ತಿಂಗಳಿಗೊಮ್ಮೆ ನಡೆಯುವ ಸೈನಿಕ ಸಮ್ಮೇಳನದಲ್ಲಿ ಕಮಾಂಡಿಂಗ್ ಅಧಿಕಾರಿಯ ಎದುರು ಯಾವ ಜವಾನ ಬೇಕಾದರೂ ಎದ್ದು ತನ್ನ ಅಹವಾಲು ಹೇಳಬಹುದು. 1932ರಲ್ಲಿ ಡೆಹ್ರಾಡೂನಿನ ಸೈನಿಕ ಅಕಾಡೆಮಿಯನ್ನು ಉದ್ಘಾಟಿಸಿದ ಫೀಲ್ಡ್ ಮಾರ್ಷಲ್ ಚೆಟ್‌ವುಡ್ ಅವರು ಅಧಿಕಾರಿಗೆ ಹಾಕಿಕೊಟ್ಟ ಕ್ರಮ ಇಂದಿಗೂ ಅಲ್ಲಿನ ಕೆಡೆಟ್ಟುಗಳ ಬಾಯಿಪಾಠ: ಮೊದಲು ದೇಶ, ಆಮೇಲೆ ನಿನ್ನ ಜನ, ಎಲ್ಲಕ್ಕೂ ಕೊನೆಗೆ ನೀನು. ಈ ಕ್ರಮದಲ್ಲಿ ಮಧ್ಯದ ಮೆಟ್ಟಿಲನ್ನು ನಾವು ಹೊರಗಿನವರು ಗಮನಿಸುವುದೇ ಇಲ್ಲ. ದೇಶಕ್ಕಾಗಿ ಪ್ರಾಣ ಕೊಡುವ ಮಾತು ನಮಗೆ ಗೊತ್ತು. ತನ್ನ ಜನ ಉಂಡ ಮೇಲೆ ತಾನು ಉಣ್ಣುವ ಮಾತು ನಮ್ಮ ಭಾಷಣಗಳಲ್ಲಿ ಬರುವುದಿಲ್ಲ.

ಇದು ಕೇವಲ ಆದರ್ಶದ ಮಾತಲ್ಲ ಎನ್ನುವುದಕ್ಕೆ ಚರಿತ್ರೆಯ ಸಾಕ್ಷಿಯಿದೆ. ಮೊದಲ ಮಹಾಯುದ್ಧದ ಕೊನೆಯ ಹಂತದವರೆಗೂ ಬ್ರಿಟಿಷರು ಭಾರತೀಯರನ್ನು ಲಕ್ಷಗಟ್ಟಲೆ ಸಿಪಾಯಿಗಳನ್ನಾಗಿ ಸೇರಿಸಿಕೊಂಡರು. ಪೂರ್ಣ ದರ್ಜೆಯ ಅಧಿಕಾರಿಗಳನ್ನಾಗಿ ಮಾತ್ರ ಸೇರಿಸಿಕೊಳ್ಳಲಿಲ್ಲ. ತಾವು ಸೇರಿಸಿಕೊಂಡ ಸಿಪಾಯಿಗಳು ಶೂರರಲ್ಲ ಎಂದು ಅವರು ಹೇಳಲಿಲ್ಲ. ಶೂರರು ಹೌದು, ಆದರೆ ಇತರರನ್ನು ಮುನ್ನಡೆಸುವ ಹೊಣೆ ಹೊರಲಾರರು ಎಂಬುದೇ ಅವರ ಅನುಮಾನವಾಗಿತ್ತು. ಅಂದರೆ ಶೌರ್ಯ ಬೇರೆ, ನಾಯಕತ್ವ ಬೇರೆ ಎಂಬುದು ಅವರಿಗೂ ಗೊತ್ತಿತ್ತು. ಆ ಅನುಮಾನವನ್ನು ಮುರಿದವರಲ್ಲಿ ನಮ್ಮ ಕೊಡಗಿನವರ ಹೆಸರು ಮೊದಲ ಸಾಲಿನಲ್ಲಿದೆ. ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದ ಕೆ.ಎಂ. ಕಾರ್ಯಪ್ಪನವರು 1942ರಲ್ಲಿ ಬೆಟಾಲಿಯನ್ ಒಂದರ ಮುಖ್ಯಸ್ಥರಾದ ಮೊದಲ ಭಾರತೀಯರೆನಿಸಿದರು. 1949ರ ಜನವರಿ 15ರಂದು ಇಡೀ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರು. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಕಂಗಾವ್ ಕಾಳಗದಲ್ಲಿ ಬೆಟಾಲಿಯನ್ ನಡೆಸಿದರು. ಅದೇ ಬ್ರಿಗೇಡಿನ ಉಳಿದೆರಡು ಬೆಟಾಲಿಯನ್ನುಗಳನ್ನು ನಡೆಸಿದವರೂ ಭಾರತೀಯರೇ, ಥೋರಟ್ ಮತ್ತು ಸೇನ್. ಮುಂದೆ ತಿಮ್ಮಯ್ಯನವರು ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯರಾದರು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಸೇನೆಯ ಪೈಲಟ್, ಪಾಕಿಸ್ತಾನದ ಸೆರೆ ಸಿಕ್ಕಾಗ, ಹಳೆಯ ಪರಿಚಯದವರಾದ ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಅವರನ್ನು ಬಿಡಿಸಿ ಕಳಿಸಲು ಮುಂದಾದರು. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡ ಎಂಬ ಅರ್ಥದ ಉತ್ತರ ಕೊಟ್ಟು ಕಾರ್ಯಪ್ಪನವರು ಅದನ್ನು ನಿರಾಕರಿಸಿದ ಸಂಗತಿ ಪ್ರಸಿದ್ಧವಾಗಿದೆ. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಹೊಣೆ ಅವರನ್ನು ಬಿಟ್ಟಿರಲಿಲ್ಲ.

ಸ್ವತಂತ್ರ ಭಾರತದ ಮೊದಲ ಯುದ್ಧಕ್ಕೆ ಬನ್ನಿ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಡಕೋಟಾ ವಿಮಾನಗಳಲ್ಲಿ ಶ್ರೀನಗರದಲ್ಲಿ ಇಳಿಯಿತು. ಇಂದಿಗೂ ಆ ದಿನವನ್ನು ಪದಾತಿ ದಿನವೆಂದು ಆಚರಿಸುತ್ತಾರೆ. ಅದರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ರಂಜಿತ್ ರಾಯ್ ಅದೇ ದಿನ ಬಾರಾಮುಲ್ಲಾದ ದಾರಿಯಲ್ಲಿ ಪ್ರಾಣ ಕಳೆದುಕೊಂಡರು. ಒಂದು ವಾರದ ನಂತರ, ನವೆಂಬರ್ 3ರಂದು, ಶ್ರೀನಗರದ ವಿಮಾನ ನಿಲ್ದಾಣಕ್ಕೆ ಹತ್ತಿರದ ಬಡಗಾಮಿನಲ್ಲಿ ಕುಮಾವೂಂ ರೆಜಿಮೆಂಟಿನ ಒಂದು ಕಂಪನಿಯನ್ನು ತನಗಿಂತ ಹಲವು ಪಟ್ಟು ದೊಡ್ಡ ದಾಳಿಕಾರರ ಗುಂಪು ಮೂರು ಕಡೆಯಿಂದ ಮುತ್ತಿತು. ಕಂಪನಿಯ ನಾಯಕ ಮೇಜರ್ ಸೋಮನಾಥ ಶರ್ಮಾ. ಹಾಕಿ ಆಡುವಾಗ ಪೆಟ್ಟಾಗಿ ಅವರ ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಕಾಶ್ಮೀರಕ್ಕೆ ಬರುವ ಅಗತ್ಯವೇ ಇರಲಿಲ್ಲ, ಹಟ ಹಿಡಿದು ಬಂದಿದ್ದರು. ಅಂದು ಆತ ಮಾಡಿದ್ದನ್ನು ಒಂದೊಂದಾಗಿ ನೋಡಿ. ಬಯಲಿನಲ್ಲಿ ಗುಂಡಿನ ನಡುವೆ ಒಂದು ಸೆಕ್ಷನ್ನಿನಿಂದ ಇನ್ನೊಂದಕ್ಕೆ ಓಡಿ ಜನರನ್ನು ಹುರಿದುಂಬಿಸಿದರು. ನಮ್ಮ ವಿಮಾನಗಳಿಗೆ ಗುರಿ ತೋರಿಸಲು ಬಟ್ಟೆಯ ಪಟ್ಟಿಗಳನ್ನು ತಾವೇ ನೆಲದ ಮೇಲೆ ಹಾಸಿದರು. ಗಾಯಾಳುಗಳು ಹೆಚ್ಚಿ ಲಘು ಮೆಷಿನ್‌ಗನ್ನುಗಳ ಕೆಲಸ ನಿಧಾನವಾದಾಗ, ಒಂದು ಕೈ ಕಟ್ಟಿದ್ದರೂ, ಮ್ಯಾಗಜಿನ್ನುಗಳಿಗೆ ಗುಂಡು ತುಂಬಿ ತುಂಬಿ ಬಂದೂಕುಗಾರರಿಗೆ ಕೊಡುತ್ತ ಹೋದರು. ಹಾಗೆ ತುಂಬುತ್ತಿದ್ದಾಗಲೇ ಪಕ್ಕದ ಮದ್ದಿನ ರಾಶಿಯ ಮೇಲೆ ಮಾರ್ಟರ್ ಬಾಂಬು ಬಿತ್ತು. ದೇಶದ ಮೊದಲ ಪರಮವೀರ ಚಕ್ರ ಅವರಿಗೆ ಸಂದಿತು. ಅಂದಿನ ಅವರ ಕೆಲಸಗಳಲ್ಲಿ ವೈರಿಯನ್ನು ಕೊಲ್ಲುವ ಸಾಹಸ ಎಲ್ಲಿದೆ ಎಂದು ಹುಡುಕಿದರೆ ಕಡಿಮೆಯೇ ಸಿಗುತ್ತದೆ. ಇರುವುದೆಲ್ಲ ತನ್ನ ಜನ ನಿಂತು ಹೋರಾಡುವಂತೆ ಮಾಡುವ ಕೆಲಸ. ಅವರು ಕಾಯ್ದುಕೊಂಡ ಆ ಕೆಲವು ಗಂಟೆಗಳಲ್ಲಿ ಶ್ರೀನಗರದ ವಿಮಾನ ನಿಲ್ದಾಣ ಉಳಿಯಿತು. ಹೊಸ ಪಡೆಗಳು ಬಂದಿಳಿಯಲು ಸಾಧ್ಯವಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ತನ್ನ ಜನ ಎನ್ನುತ್ತೀರಿ. ಒಂದೇ ಊರಿನ, ಒಂದೇ ನುಡಿಯ ಜನ ಒಟ್ಟಿಗಿದ್ದರೆ ಅಂಥ ಬಾಂಧವ್ಯ ಸಹಜ, ಕರ್ನಾಟಕದ ಹುಡುಗ ಹೋಗಿ ಜಾಟರಿಗೋ ಗೂರ್ಖಾಗಳಿಗೋ ನಾಯಕನಾಗುವುದು ಹೇಗೆ ಎಂದು. ನಮ್ಮ ಪದಾತಿ ರೆಜಿಮೆಂಟುಗಳಲ್ಲಿ ಅನೇಕವು ಒಂದೊಂದು ಪ್ರದೇಶದ, ಸಮುದಾಯದ ಜವಾನರನ್ನು ಹೊಂದಿವೆ, ನಿಜ. ಅಧಿಕಾರಿಗಳು ಮಾತ್ರ ದೇಶದ ಯಾವ ಮೂಲೆಯಿಂದಲಾದರೂ ಬರುತ್ತಾರೆ. ಬಂದವರು ತಮ್ಮ ಜವಾನರ ಮಾತು ಕಲಿಯುತ್ತಾರೆ. ಗೂರ್ಖಾ ಪಲ್ಟನ್ನಿಗೆ ಹೋದ ಅಧಿಕಾರಿ ನೇಪಾಳಿ ಕಲಿಯದೆ ಇರುವಂತಿಲ್ಲ. ಅವರ ಹಬ್ಬವೇ ಇವನ ಹಬ್ಬ. ತನ್ನ ಮನೆಯ ಧರ್ಮ ಯಾವುದೇ ಇರಲಿ, ಜವಾನರ ಮಂದಿರದಲ್ಲಿ ಗುರುದ್ವಾರದಲ್ಲಿ ಅವರ ಜೊತೆ ನೆಲದ ಮೇಲೆ ಕೂರುತ್ತಾನೆ. 1999ರ ಜೂನ್ 13ರಂದು ಕಾರ್ಗಿಲ್ ಯುದ್ಧದ ದಿಕ್ಕನ್ನೇ ತಿರುಗಿಸಿದ ತೋಲೋಲಿಂಗ್ ಶಿಖರವನ್ನು ವಶಪಡಿಸಿಕೊಂಡದ್ದು ರಾಜಪುತಾನಾ ರೈಫಲ್ಸಿನ ಎರಡನೇ ಬೆಟಾಲಿಯನ್. ರಾಜಸ್ಥಾನ, ಹರಿಯಾಣಗಳ ಜವಾನರೇ ತುಂಬಿದ್ದ ಆ ಪಲ್ಟನ್ನಿನ ಮುಖ್ಯಸ್ಥ ಕನ್ನಡ ನಾಡಿನ ಎಂ.ಬಿ. ರವೀಂದ್ರನಾಥ್. ಅದಕ್ಕೂ ಮುಂಚೆ ಗ್ರೆನೇಡಿಯರ್ಸ್ ಪಲ್ಟನ್ನು ಅದೇ ಬೆಟ್ಟದ ಮೇಲೆ ವಾರಗಟ್ಟಲೆ ಹೆಣಗಿ ಮೇಜರ್ ರಾಜೇಶ್ ಅಧಿಕಾರಿಯಂಥವರನ್ನು ಕಳೆದುಕೊಂಡಿತ್ತು. 15,000 ಅಡಿ ಮೀರಿದ, ಮರವಿಲ್ಲದ, ಮರೆಯಿಲ್ಲದ ಆ ಬೆಟ್ಟಕ್ಕೆ ಮತ್ತೆ ಜನರನ್ನು ಹತ್ತಿಸಬೇಕಾದರೆ ನಾಯಕನ ಮಾತಿನ ಮೇಲೆ ಅವರಿಗೆ ನಂಬಿಕೆ ಇರಬೇಕು. ಆ ನಂಬಿಕೆ ಊರು ಯಾವುದೆಂದು ಕೇಳಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮಲಯಾಳಿ ಮನೆತನದ ಸಂದೀಪ್ ಉನ್ನಿಕೃಷ್ಣನ್ ಅವರದೂ ಇದೇ ಕಥೆ; ಅವರ ಪಲ್ಟನ್ ಬಿಹಾರ ರೆಜಿಮೆಂಟಿನದು. 2008ರ ನವೆಂಬರಿನ ಉಗ್ರರ ದಾಳಿಯ ವೇಳೆ ಮುಂಬೈಯ ತಾಜ್ ಹೋಟೆಲಿನೊಳಗೆ ಗಾಯಗೊಂಡ ಕಮಾಂಡೊ ಒಬ್ಬನನ್ನು ಹೊರಗೆ ಕಳಿಸಿ, ತಾವು ಮುಂದುವರಿದು ಪ್ರಾಣ ಕೊಟ್ಟರು. ನಮ್ಮ ದೇಶದ ಒಗ್ಗಟ್ಟಿನ ಬಗ್ಗೆ ಬರುವ ಘೋಷಣೆಗಳಿಗಿಂತ ಈ ಪಲ್ಟನ್ನುಗಳ ಒಳಗಿನ ದಿನನಿತ್ಯದ ಬಾಳು ನನಗೆ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಆಕ್ಷೇಪ ಈಗಿನ ಕಾಲದ್ದು, ಹೆಚ್ಚು ಗಟ್ಟಿಯಾದದ್ದು. ಡ್ರೋನುಗಳು, ಕ್ಷಿಪಣಿಗಳು, ಉಪಗ್ರಹಗಳು ಬಂದಿವೆ. ಇನ್ನು ನಡೆದುಹೋಗಿ ಹೋರಾಡುವ ಪದಾತಿಯ ಕಾಲ ಮುಗಿಯಿತಲ್ಲವೇ? ಬುದ್ಧಿವಂತ ಹುಡುಗ ಸೈಬರ್ ಕಡೆಗೋ ಎಂಜಿನಿಯರಿಂಗ್ ಕಡೆಗೋ ಹೋಗಬಾರದೇಕೆ? ಆ ವಿದ್ಯೆಗಳೂ ಬೇಕು, ಅವುಗಳನ್ನು ಕಲಿತ ಅಧಿಕಾರಿಗಳೂ ಬೇಕು. ಆದರೆ 2020ರ ಜೂನ್ 15ರ ರಾತ್ರಿ ಗಾಲ್ವನ್ ಕಣಿವೆಯಲ್ಲಿ ನಡೆದದ್ದನ್ನು ನೆನೆಯಿರಿ. ಜಗತ್ತಿನ ಎರಡು ಅಣ್ವಸ್ತ್ರ ರಾಷ್ಟ್ರಗಳ ಸೈನಿಕರು ಹೆಪ್ಪುಗಟ್ಟುವ ನದಿಯ ದಡದಲ್ಲಿ ಒಂದು ಗುಂಡೂ ಹಾರಿಸದೆ ಕೈಕೈ ಮಿಲಾಯಿಸಿ ಹೋರಾಡಿದರು. ನಮ್ಮ ಇಪ್ಪತ್ತು ಜನ ಸತ್ತರು. ಅವರ ಮುಂದೆ ನಿಂತವರು ಬಿಹಾರ ರೆಜಿಮೆಂಟಿನ ಹದಿನಾರನೇ ಬೆಟಾಲಿಯನ್ನಿನ ಮುಖ್ಯಸ್ಥ ಕರ್ನಲ್ ಸಂತೋಷ್ ಬಾಬು. ಒಂದು ತುಂಡು ನೆಲ ಯಾರದು ಎಂಬ ಪ್ರಶ್ನೆ ಬಂದಾಗ ಕೊನೆಗೆ ಅಲ್ಲಿ ಒಬ್ಬ ಮನುಷ್ಯ ಹೋಗಿ ನಿಲ್ಲಬೇಕಾಗುತ್ತದೆ. ಉಕ್ರೇನಿನ ಕಂದಕಗಳು ಡ್ರೋನುಗಳ ಕಾಲದಲ್ಲೂ ಜನರಿಂದಲೇ ತುಂಬಿವೆ. ಯಂತ್ರಗಳು ಹೆಚ್ಚಿದಷ್ಟೂ ಆ ಮನುಷ್ಯನ ಮೇಲಿನ ಒತ್ತಡ ಹೆಚ್ಚುತ್ತದೆ, ಅವನ ನಾಯಕನ ತೀರ್ಮಾನದ ತೂಕವೂ ಹೆಚ್ಚುತ್ತದೆ. ಸಿಯಾಚಿನ್ನಿನ ಕಡೆ ನೋಡಿದರೆ ಅಲ್ಲಿ 1984ರಿಂದ ನಮ್ಮ ಪದಾತಿಗಳನ್ನು ವೈರಿಯ ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಹಿಮ ಮತ್ತು ಗಾಳಿ. 2016ರ ಫೆಬ್ರುವರಿಯಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಜನರ ಮೇಲೆ ಹಿಮರಾಶಿ ಕುಸಿದಾಗ, 19,000 ಅಡಿ ಮೀರಿದ ಆ ಠಾಣೆಯಲ್ಲಿ ದಿನಗಟ್ಟಲೆ ಹಿಮ ಕಡಿದು ತಮ್ಮವರನ್ನು ಹುಡುಕಿದ ಜನರನ್ನು ನೆನೆಯಿರಿ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ನಂತರ ಜೀವಂತವಾಗಿ ಸಿಕ್ಕರು. ಅವರು ಕೊನೆಗೂ ಉಳಿಯಲಿಲ್ಲ, ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಹೋದವರನ್ನು ಹಾಗೆಯೇ ಬಿಟ್ಟು ಬರುವುದಿಲ್ಲ ಎಂಬ ನಿಯಮ ಆ ಹುಡುಕಾಟದ ಹಿಂದೆ ಇತ್ತು. ಆ ನಿಯಮವನ್ನು ಅಂಥ ಹಿಮದಲ್ಲೂ ಉಳಿಸಿಕೊಳ್ಳುವುದು ಅಧಿಕಾರಿಯ ಕೆಲಸ.

ಸೈನ್ಯದಲ್ಲಿ ಆಜ್ಞೆ ಪಾಲಿಸುವುದಷ್ಟೇ, ಯೋಚಿಸುವ ಹುಡುಗನಿಗೆ ಅದು ಜಾಗವಲ್ಲ ಎಂದು ಓದಿದ ಮನೆಗಳಲ್ಲಿ ಹೇಳುವುದುಂಟು. ಇದು ಸೈನ್ಯವನ್ನು ಹೊರಗಿನಿಂದ ನೋಡಿದವರ ಮಾತು. ಮೇಲಿನಿಂದ ಬರುವ ಆಜ್ಞೆ ಯಾವ ಬೆಟ್ಟ, ಯಾವಾಗ ಎಂಬಷ್ಟನ್ನು ಹೇಳುತ್ತದೆ. ಹೇಗೆ ಎಂಬುದನ್ನು ಕತ್ತಲಲ್ಲಿ, ಅರೆಬರೆ ಮಾಹಿತಿಯಲ್ಲಿ, ರೇಡಿಯೊ ಸಂಪರ್ಕ ಕಡಿದಾಗ, ಆ ಜಾಗದಲ್ಲಿರುವ ಕ್ಯಾಪ್ಟನ್ನೋ ಮೇಜರೋ ತೀರ್ಮಾನಿಸಬೇಕು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರ ಕುಮಾವೂಂ ಕಂಪನಿಗೆ ಹಿಂದಿನ ಫಿರಂಗಿಗಳ ಬೆಂಬಲವೇ ಸಿಗಲಿಲ್ಲ, ನಡುವೆ ಬೆಟ್ಟದ ಏಣು ಅಡ್ಡವಿತ್ತು. ಅಲ್ಲಿ ಯಾರನ್ನೂ ಕೇಳುವಂತಿರಲಿಲ್ಲ. ಠಾಣೆಯಿಂದ ಠಾಣೆಗೆ ಓಡಾಡುತ್ತ ರಕ್ಷಣೆಯನ್ನು ಮತ್ತೆ ಮತ್ತೆ ಜೋಡಿಸಿದ ಅವರು ಗಾಯಗೊಂಡ ಮೇಲೆ, ತಮ್ಮನ್ನು ಹೊತ್ತೊಯ್ಯುತ್ತಿದ್ದ ಜವಾನರಿಗೆ ತಮ್ಮನ್ನು ಬಿಟ್ಟುಹೋಗಲು ಹೇಳಿದರು. 114 ಜನ ಅಲ್ಲಿ ಪ್ರಾಣ ಬಿಟ್ಟರು. ಮುಂದಿನ ವರ್ಷ ಹಿಮ ಸರಿದಾಗ ಅವರ ದೇಹಗಳು ಕಂದಕಗಳಲ್ಲಿ ಆಯುಧ ಹಿಡಿದಂತೆಯೇ ಸಿಕ್ಕವು. ಇನ್ನು ಕಾನೂನಿನ ಮಾತು: ಆಜ್ಞೋಲ್ಲಂಘನೆಯನ್ನು ಶಿಕ್ಷಿಸುವ 1950ರ ಸೇನಾ ಕಾಯ್ದೆಯೇ, ಪಾಲಿಸಬೇಕಾದದ್ದು ಕಾನೂನುಬದ್ಧವಾದ ಆಜ್ಞೆಯನ್ನು ಎಂದು ಹೇಳುತ್ತದೆ. ಯಾವುದು ಕಾನೂನುಬದ್ಧ, ಯಾವುದು ಅಲ್ಲ ಎಂಬ ವಿವೇಚನೆ ಇರಬೇಕಾದರೆ ಯೋಚಿಸುವ ತಲೆಯೇ ಬೇಕು. ನಮ್ಮದೇ ಜನರ ನಡುವೆ, ಅಶಾಂತ ಪ್ರದೇಶಗಳಲ್ಲಿ, ಮನೆಮನೆ ಶೋಧದ ಹೊತ್ತಿನಲ್ಲಿ ಒಬ್ಬ ಎಳೆಯ ಅಧಿಕಾರಿಯ ಸಂಯಮ ಎಷ್ಟು ಜೀವ ಉಳಿಸುತ್ತದೆ, ಅವನ ದುಡುಕು ಎಷ್ಟು ಜೀವ ತೆಗೆಯುತ್ತದೆ ಎಂಬುದನ್ನು ನಾವು ಮರೆಯಬಾರದು. ಅಧಿಕಾರಿಗೆ ಬುದ್ಧಿಯ ಜೊತೆ ಕರುಣೆಯೂ ಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಸೈನ್ಯ ತನ್ನ ಅಧಿಕಾರಿಗಳನ್ನು ಆರಿಸುವ ಬಗೆಯೂ ಇದನ್ನೇ ಸಾರುತ್ತದೆ. ಲಿಖಿತ ಪರೀಕ್ಷೆ ದಾಟಿದವರನ್ನು ಸೇವಾ ಆಯ್ಕೆ ಮಂಡಳಿ ಐದು ದಿನ ತನ್ನಲ್ಲಿ ಇರಿಸಿಕೊಂಡು ನೋಡುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 900 ಅಂಕ, ಆಯ್ಕೆ ಮಂಡಳಿಗೂ ಅಷ್ಟೇ 900 ಅಂಕ. ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಒಂದೊಂದು ಪದ ತೋರಿಸಿ ಮನಸ್ಸಿಗೆ ಬಂದದ್ದನ್ನು ಬರೆಸುತ್ತಾರೆ, ಹಲಗೆ ಹಗ್ಗ ಕೊಟ್ಟು ಗುಂಪಿನಲ್ಲಿ ಹಳ್ಳ ದಾಟಿಸುತ್ತಾರೆ, ಸಂದರ್ಶನ ಮಾಡುತ್ತಾರೆ. ಮನಶ್ಶಾಸ್ತ್ರಜ್ಞ, ಗುಂಪು ಪರೀಕ್ಷಕ, ಸಂದರ್ಶಕ ಮೂವರೂ ತಮ್ಮ ತಮ್ಮ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡು ಕೊನೆಯ ದಿನ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಅವರು ಹುಡುಕುವ ಹದಿನೈದು ಗುಣಗಳಲ್ಲಿ ಧೈರ್ಯ ಒಂದು; ಸಹಕಾರ, ಹೊಣೆಗಾರಿಕೆ, ಹೊಂದಿಕೊಳ್ಳುವ ಶಕ್ತಿ, ಬೇಗ ನಿರ್ಧರಿಸುವ ಶಕ್ತಿ, ಗುಂಪಿನ ಮನಸ್ಸನ್ನು ಒಲಿಸಿಕೊಳ್ಳುವ ಬಗೆ ಇವೆಲ್ಲ ಅದರ ಜೊತೆಗೆ. ಹಲಗೆಯ ಮೇಲೆ ತಾನೊಬ್ಬನೇ ಹಾರಿ ದಾಟಿ ಗೆದ್ದೆನೆಂದು ಬೀಗುವ ಹುಡುಗ ಅಲ್ಲಿ ಬೀಳುತ್ತಾನೆ. ಹಿಂದೆ ಉಳಿದವನಿಗೆ ಕೈ ಚಾಚುವವನು ಗಮನಕ್ಕೆ ಬರುತ್ತಾನೆ. ಹಣ ಪಡೆದು ಕಥೆಗಳನ್ನು ಬಾಯಿಪಾಠ ಮಾಡಿಸುವ ಕೋಚಿಂಗುಗಳ ಹಿಂದೆ ಓಡುವುದಕ್ಕಿಂತ, ಹುಡುಗರು ತಮ್ಮ ಊರಿನ ಎನ್‌ಸಿಸಿ ಘಟಕದಲ್ಲೋ, ಕಬಡ್ಡಿ ತಂಡದಲ್ಲೋ, ನೆರೆ ಬಂದಾಗ ಕೆಲಸ ಮಾಡುವ ಗುಂಪಿನಲ್ಲೋ ನಾಲ್ಕು ಜನರ ಜೊತೆ ದುಡಿಯುವುದನ್ನು ಕಲಿಯುವುದು ಮೇಲು.

ದುಡ್ಡಿನ ಮಾತನ್ನು ತಪ್ಪಿಸುವಂತಿಲ್ಲ. ಲೆಫ್ಟಿನೆಂಟಿನ ಮೂಲ ವೇತನ ತಿಂಗಳಿಗೆ 56,100 ರೂಪಾಯಿ, ಅದರ ಮೇಲೆ 15,500 ರೂಪಾಯಿ ಸೇನಾ ಸೇವಾ ವೇತನ, ತುಟ್ಟಿಭತ್ಯೆ ಮತ್ತಿತರ ಭತ್ಯೆಗಳು. ಬೆಂಗಳೂರಿನ ಒಳ್ಳೆಯ ಸಾಫ್ಟ್‌ವೇರ್ ಎಂಜಿನಿಯರು ಹತ್ತು ವರ್ಷದಲ್ಲಿ ಇದನ್ನು ಎಷ್ಟೋ ಪಟ್ಟು ದಾಟಿ ಹೋಗುತ್ತಾನೆ. ಇನ್ನೊಂದು ಕಷ್ಟ ಬಡ್ತಿಯದು. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್ ಎಂಬವು ಸಮಯಕ್ಕೆ ಬರುತ್ತವೆ. ಅಲ್ಲಿಂದ ಮೇಲೆ ಆಯ್ಕೆ, ಒಂದು ಪಲ್ಟನ್ನಿಗೆ ಒಬ್ಬನೇ ಕಮಾಂಡಿಂಗ್ ಅಧಿಕಾರಿ. ಯೋಗ್ಯರಾದ ಎಷ್ಟೋ ಜನ ಆ ಬಾಗಿಲಲ್ಲಿ ನಿಲ್ಲುತ್ತಾರೆ; ನಲವತ್ತರ ಆಸುಪಾಸಿನಲ್ಲಿ ಬರುವ ಈ ನಿರಾಶೆ ಕಡಿಮೆಯದಲ್ಲ. ಕರ್ನಲ್ ಐವತ್ತನಾಲ್ಕಕ್ಕೆ ನಿವೃತ್ತ. ಅಲ್ಪಾವಧಿ ಕಮಿಷನ್ನಿನಲ್ಲಿ ಹತ್ತು ಅಥವಾ ಹದಿನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೂ ಇಲ್ಲ. ಇದನ್ನೆಲ್ಲ ಮುಚ್ಚಿಟ್ಟು ಹುಡುಗರನ್ನು ಕರೆಯುವುದು ಮೋಸವಾಗುತ್ತದೆ. ಇಷ್ಟು ತಿಳಿದ ಮೇಲೂ ನಾನು ಈ ದಾರಿಯನ್ನು ಎತ್ತಿ ಹಿಡಿಯುವುದೇಕೆಂದರೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಇಷ್ಟು ಜನರ ಬದುಕನ್ನು ಕೈಗೆ ಕೊಡುವ ಬೇರೆ ವೃತ್ತಿ ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಅದನ್ನು ಸಂಬಳದ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ. ಅಳೆಯಲೇಬೇಕು ಎನ್ನುವವನಿಗೆ ಬೇರೆ ಗೌರವದ ಕೆಲಸಗಳಿವೆ; ಅವನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಅಪಾಯದ ಬಗ್ಗೆ ತಂದೆತಾಯಿಯರಿಗೆ ಸಮಾಧಾನದ ಸುಳ್ಳು ಹೇಳಬಾರದು. ಸೈನ್ಯದ ಎಲ್ಲ ಅಂಗಗಳಲ್ಲಿ ಪದಾತಿಯ ಪಾಲಿಗೆ ಬರುವ ಸಾವುನೋವು ಹೆಚ್ಚು, ಮತ್ತು ನಮ್ಮ ಅಧಿಕಾರಿಗಳು ಮುಂದೆ ನಿಂತೇ ನಡೆಸುವ ಪರಂಪರೆಯವರು. 1997ರಲ್ಲಿ ಅಧಿಕಾರಿಗಳಾದ ಮನೋಜ್ ಪಾಂಡೆ ಮತ್ತು ವಿಕ್ರಮ್ ಬಾತ್ರಾ ಇಬ್ಬರೂ 1999ರ ಜುಲೈ ಮೊದಲ ವಾರದಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಕಾರ್ಗಿಲಿನಲ್ಲಿ ಮಡಿದರು. ಬಾತ್ರಾ ಹೋದದ್ದು ಗಾಯಗೊಂಡ ಜೊತೆಗಾರನನ್ನು ಎಳೆದು ತರುವಾಗ. ಇದರ ಜೊತೆಗೆ ಮನೆಯಿಂದ ದೂರ, ಮಕ್ಕಳು ಶಾಲೆ ಶಾಲೆ ಬದಲಿಸುವುದು, ಹೆಂಡತಿ ಒಬ್ಬಳೇ ಸಂಸಾರ ನಡೆಸುವುದು. ಇದನ್ನೆಲ್ಲ ಮನೆಯವರು ಒಟ್ಟಿಗೆ ಕೂತು, ಹುಡುಗನ ಹುರುಪಿನ ಮಾತಿಗೂ ನೆರೆಹೊರೆಯ ಹೊಗಳಿಕೆಗೂ ಸಿಲುಕದೆ, ಬಿಡಿಸಿ ಮಾತಾಡಬೇಕು. ತೂಗಿದ ಮೇಲೆ ಬೇಡವೆಂದರೆ ಅದು ಹೇಡಿತನವಲ್ಲ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಹೇಳದೆ ಹೋದರೆ ಅರ್ಧ ಕೇಳುಗರನ್ನು ಬಿಟ್ಟಂತೆ. ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ 2022ರಲ್ಲಿ ಎನ್‌ಡಿಎ ಬಾಗಿಲು ಅವರಿಗೆ ತೆರೆಯಿತು. ಮೊದಲ ತಂಡ 2025ರಲ್ಲಿ ಹೊರಬಂದಿದೆ. 2023ರಲ್ಲಿ ಫಿರಂಗಿ ದಳಕ್ಕೂ ಅವರು ಬಂದರು. ಪದಾತಿ ದಳ ಮಾತ್ರ ಇನ್ನೂ ಮುಚ್ಚಿದೆ. ಮುಂಚೂಣಿ ಠಾಣೆಗಳ ಇಕ್ಕಟ್ಟು, ಸೆರೆ ಸಿಕ್ಕುವ ಭಯ, ದೈಹಿಕ ಭಾರ ಎಂದು ಕಾರಣಗಳನ್ನು ಹೇಳುತ್ತಾರೆ. ಆ ಕಾರಣಗಳನ್ನು ಅಲ್ಲಗಳೆಯದೆಯೂ ಒಂದು ಮಾತು ಹೇಳಬಹುದು: ಈ ಕೆಲಸದ ತಿರುಳು ಇತರರ ಹೊಣೆ ಹೊರುವುದೇ ಆಗಿದ್ದರೆ, ಆ ಶಕ್ತಿ ಗಂಡಸರ ಸೊತ್ತೆಂದು ಯಾರೂ ವಾದಿಸಲಾರರು. ಈ ಬಾಗಿಲು ತೆರೆಯುವ ಬಗ್ಗೆ ನಿಧಾನವಾಗಿಯಾದರೂ ಪ್ರಾಮಾಣಿಕ ಚರ್ಚೆ ನಡೆಯಬೇಕು.

ಕೊನೆಗೆ ನಮ್ಮ ನಾಡಿನ ಹುಡುಗರ ದಾರಿಯ ಬಗ್ಗೆ. ಕೊಡಗಿನವರು ಮಾತ್ರ ಸೈನ್ಯದ ಜನ, ಉಳಿದ ಕನ್ನಡಿಗರಿಗೆ ಅದು ಒಗ್ಗದು ಎಂಬ ಹಳೆಯ ಮಾತನ್ನು ನಂಬಬೇಡಿ. ಯುದ್ಧಕ್ಕೆ ತಕ್ಕ ಜಾತಿಗಳು ಬೇರೆ, ಅಲ್ಲದ ಜಾತಿಗಳು ಬೇರೆ ಎಂಬುದು ಬ್ರಿಟಿಷರು ತಮ್ಮ ಅನುಕೂಲಕ್ಕೆ ಕಟ್ಟಿದ ವಿಂಗಡಣೆ. ಮರಾಠಾ ಲಘು ಪದಾತಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಎಳೆಯ ಪದಾತಿ ಅಧಿಕಾರಿಗಳು ಕಮಾಂಡೊ ತರಬೇತಿಗೆ ಬರುವುದೂ ಬೆಳಗಾವಿಗೇ. ವಿಜಯಪುರದ ಸೈನಿಕ ಶಾಲೆ 1963ರಿಂದ, ಕೊಡಗಿನ ಕೂಡಿಗೆಯ ಶಾಲೆ 2007ರಿಂದ ನಡೆಯುತ್ತಿವೆ. ಅಡಚಣೆ ಇರುವುದು ಬೇರೆ ಕಡೆ. ಎನ್‌ಡಿಎ ಪ್ರಶ್ನೆಪತ್ರಿಕೆಗಳು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರುತ್ತವೆ, ಕನ್ನಡದಲ್ಲಿ ಬರುವುದಿಲ್ಲ. ಯಾದಗಿರಿಯ ಅಥವಾ ಚಾಮರಾಜನಗರದ ಕನ್ನಡ ಮಾಧ್ಯಮದ ಹುಡುಗನಿಗೆ ಹಿಂದಿ ಮನೆಮಾತಾಗಿರುವ ಹುಡುಗನಿಗಿಲ್ಲದ ಹೊರೆ ಇದು. ಇತರ ಭಾಷೆಗಳಲ್ಲೂ ಪರೀಕ್ಷೆ ನಡೆಸಬೇಕೆಂಬ ಬೇಡಿಕೆಯನ್ನು ನಾವು ಗಟ್ಟಿಯಾಗಿ ಇಡಬೇಕು. ಅಲ್ಲಿಯವರೆಗೆ ನಮ್ಮ ಪಿಯು ಕಾಲೇಜುಗಳು ಈ ಹುಡುಗರಿಗೆ ಇಂಗ್ಲಿಷ್ ಮತ್ತು ಗಣಿತವನ್ನು ಬಿಡುವಿನ ವೇಳೆಯಲ್ಲಾದರೂ ಹೇಳಿಕೊಡಬೇಕು. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ, ಸೇನಾ ವಿಭಾಗಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆದೀತು. ಅದು ತಪ್ಪಿದರೆ ಪದವಿಯ ನಂತರ ಸಂಯುಕ್ತ ರಕ್ಷಣಾ ಸೇವೆಗಳ (ಸಿಡಿಎಸ್) ಪರೀಕ್ಷೆ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರವನ್ನು ಬೇಕಾದ ದರ್ಜೆಯಲ್ಲಿ ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯೇ ಇಲ್ಲದೆ ನೇರ ಆಯ್ಕೆ ಮಂಡಳಿಗೆ ಹೋಗುವ ದಾರಿಯೂ ಇದೆ. ಈಗಾಗಲೇ ಜವಾನರಾಗಿ ಸೇರಿರುವ ನಮ್ಮ ಹಳ್ಳಿಯ ಹುಡುಗರು ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಗಳಾಗಬಹುದು ಎಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ರಜೆಗೆ ಊರಿಗೆ ಬಂದ ಸಿಪಾಯಿ ಮಗನಿಗೆ ಈ ವಿಷಯವನ್ನು ಇಂದೇ ಹೇಳಿ. ವಯಸ್ಸಿನ ಗಡಿ ಅಲ್ಲಿಯೂ ಇದೆ; ಅರ್ಜಿಗೆ ಅವನು ತನ್ನ ಪಲ್ಟನ್ನಿನ ಕಚೇರಿಯಲ್ಲೇ ಕೇಳಬೇಕು.